ಅಂಬಾಸಿಡರ್ ಎಂಜಿನ್ನಿನ ಕಿಡಿ ಹಾರುವ ಹೊತ್ತು

ನನ್ನ ಹಳೇ ಅಂಬಾಸಿಡರ್‌ನ 1489 ಸಿಸಿ ಎಂಜಿನ್ನಿಗೆ ಕಂಪ್ಯೂಟರ್ ಇಲ್ಲ. ಕಿಡಿ ಯಾವಾಗ ಹಾರಬೇಕೆಂದು ತೀರ್ಮಾನಿಸುವುದು ಡಿಸ್ಟ್ರಿಬ್ಯೂಟರ್. ಪೆಟ್ರೋಲ್ ಉರಿಯಲು ಸ್ವಲ್ಪ ಹೊತ್ತು ಬೇಕು. 3000 ಆರ್‌ಪಿಎಂನಲ್ಲಿ ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲೇ ಕ್ರ್ಯಾಂಕ್ 18 ಡಿಗ್ರಿ ತಿರುಗಿರುತ್ತದೆ! ಹಾಗಾಗಿ ಪಿಸ್ಟನ್ ಮೇಲ್ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ವೇಗ ಏರಿದಂತೆ ಡಿಸ್ಟ್ರಿಬ್ಯೂಟರ್ ಒಳಗಿನ ಪುಟ್ಟ ತೂಕಗಳು ಹೊರಕ್ಕೆ ಸರಿದು ಕಿಡಿಯನ್ನು ಇನ್ನಷ್ಟು ಮುಂಚಿತವಾಗಿಸುತ್ತವೆ.

ಕಿಡಿಯ ಈ ಹೊತ್ತನ್ನು, ಅಂದರೆ ಟೈಮಿಂಗನ್ನು, ಹೊಂದಿಸಲು ಮೊದಲು ಡಿಸ್ಟ್ರಿಬ್ಯೂಟರಿನ ಕಾಂಟ್ಯಾಕ್ಟ್ ಪಾಯಿಂಟ್‌ಗಳ ಗ್ಯಾಪ್ ನೋಡಿ, ಸುಮಾರು 0.4 ಮಿ.ಮೀ. ಅದು ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಆಮೇಲೆ ಕ್ಲಾಂಪ್ ಬೋಲ್ಟ್ ಸಡಿಲಿಸಿ, ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟೇ ತಿರುಗಿಸಿ. ಅದರೊಳಗಿನ ರೋಟರ್ ಅಪ್ರದಕ್ಷಿಣವಾಗಿ ಸುತ್ತುವುದರಿಂದ, ಪ್ರದಕ್ಷಿಣವಾಗಿ ತಿರುಗಿಸಿದರೆ ಅಡ್ವಾನ್ಸ್, ಅಂದರೆ ಕಿಡಿ ಇನ್ನೂ ಮುಂಚೆ. ಹೆಚ್ಚಾದರೆ ಚಾರ್ಮಾಡಿ ಘಾಟಿ ಏರುವಾಗ ಟಣಟಣ ನಾಕಿಂಗ್. ಕಡಿಮೆಯಾದರೆ ಗಾಡಿ ಎಳೆಯುವುದಿಲ್ಲ, ಎಂಜಿನ್ ಕಾಯುತ್ತದೆ. ನಾಕಿಂಗ್ ಕೇಳಿಯೂ ಹಾಗೇ ಓಡಿಸಬೇಡಿ, ಪಿಸ್ಟನ್ನೇ ತೂತಾದೀತು.