ಹೈದರಾಬಾದಿನ ಹೊಗೆಯಿಲ್ಲದ ಒಲೆ

ಹೊಗೆಯಿಲ್ಲದ ಒಲೆಯೆಂದರೆ ಎಲ್ಲೋ ದೂರದ ವಿದ್ಯೆಯೆಂದು ನಮ್ಮಲ್ಲಿ ಹಲವರು ಭಾವಿಸುವುದುಂಟು. ಆದರೆ ಈ ಕಾರ್ಯದಲ್ಲಿ ಮೊದಲಿಗರ ಸಾಲಿನಲ್ಲಿ ನಾವು ವಾಸಿಸುವ ಹೈದರಾಬಾದಿಗೂ ಸ್ಥಾನವುಂಟು. ಇಲ್ಲಿನ ಇಂಜಿನಿಯರಿಂಗ್ ಸಂಶೋಧನಾಲಯದ ಡಾಕ್ಟರ್ ಎಸ್. ಪಿ. ರಾಜು ಅವರು ಮಣ್ಣಿನಿಂದ ಕಟ್ಟಬಹುದಾದ, ಹೊಗೆಕೊಳವೆಯುಳ್ಳ ಒಲೆಯೊಂದನ್ನು ರೂಪಿಸಿ, 1953ರಲ್ಲಿ ‘ಸ್ಮೋಕ್‌ಲೆಸ್ ಕಿಚನ್ಸ್ ಫಾರ್ ದಿ ಮಿಲಿಯನ್ಸ್’ ಎಂಬ ಪುಸ್ತಕದಲ್ಲಿ ಅದನ್ನು ವಿವರಿಸಿದರು. ಆಗ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಹೈದರಾಬಾದು ರಾಜ್ಯದಲ್ಲಿಯೇ ಇದ್ದವು. ಆದುದರಿಂದ ಈ ಒಲೆಯ ಕಥೆ ನಮ್ಮ ಕಥೆಯೂ ಹೌದು.

ಆ ಜಿಲ್ಲೆಗಳ ಮಾಳಿಗೆ ಮನೆಗಳನ್ನು ಬಲ್ಲವರಿಗೆ ಹೊಗೆಯ ಕಷ್ಟವನ್ನು ಹೇಳಬೇಕಾಗಿಲ್ಲ. ಗೋಡೆ ದಪ್ಪ, ಕಿಟಕಿ ಕಿರಿದು. ಹೊಗೆ ಹೋಗಲು ಮೇಲಿನ ಬೆಳಕಿಂಡಿಯೊಂದೇ ದಾರಿ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು ಉರಿಸಿದಾಗ ಜಂತಿಗಳೆಲ್ಲ ಮಸಿಯಾಗುತ್ತವೆ. ಜಂತಿಗೆ ಹಿಡಿದ ಮಸಿ ಕಣ್ಣಿಗೆ ಕಾಣುತ್ತದೆ. ಒಲೆಯ ಮುಂದೆ ಕುಳಿತ ತಾಯಿಯ ಮತ್ತು ಮಡಿಲ ಮಗುವಿನ ಎದೆಗೆ ಹಿಡಿದದ್ದು ಕಾಣುವುದಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ಮಡಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದ ಹೆಚ್ಚಿನ ಪಾಲು ಪಾತ್ರೆಯನ್ನು ಮುಟ್ಟದೆ ಸುತ್ತಲ ಗಾಳಿಗೆ ಹೋಗುತ್ತದೆ. ಉರಿಯನ್ನು ಸುತ್ತ ಮುಚ್ಚಿ, ಒಂದೇ ದಾರಿಯಲ್ಲಿ ಹರಿಯುವಂತೆ ಮಾಡಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಉರಿಯು ಮೊದಲ ಪಾತ್ರೆಯ ತಳವನ್ನು ಕಾಯಿಸಿ, ಒಳಗಿನ ಕಾಲುವೆಯಲ್ಲಿ ಹಾದು ಹಿಂದಿನ ಪಾತ್ರೆಗಳನ್ನೂ ಕಾಯಿಸುತ್ತದೆ. ಉಳಿದ ಹೊಗೆ ಕೊಳವೆಯನ್ನು ಸೇರುತ್ತದೆ. ನಮ್ಮ ಹಿರಿಯರ ಕೋಡೊಲೆಯಲ್ಲಿಯೂ ಈ ಉಪಾಯದ ಅರ್ಧವಿತ್ತು. ಇಲ್ಲದ್ದು ಕೊಳವೆ ಮಾತ್ರ.

ಕೊಳವೆಯೊಳಗಿನ ಬಿಸಿಗಾಳಿ ಹಗುರ. ಅದು ಮೇಲೇರಿದಂತೆಲ್ಲ ಒಲೆಯ ಬಾಯಿಂದ ಹೊಸ ಗಾಳಿಯನ್ನು ಎಳೆಯುತ್ತದೆ. ಎಳೆತ ಕಡಿಮೆಯಾದರೆ ಹೊಗೆ ಮನೆಗೆ ಮರಳುತ್ತದೆ. ಅತಿಯಾದರೆ ಶಾಖವೂ ಹೊಗೆಯ ಜೊತೆಗೆ ಹೊರಟುಹೋಗುತ್ತದೆ. ಇದನ್ನು ಹದದಲ್ಲಿಡಲು ರಾಜು ಅವರ ಒಲೆಯಲ್ಲಿ ಕೊಳವೆಯ ದಾರಿಗೆ ಅಡ್ಡವಾಗಿ ಒಂದು ತಡೆಯುಂಟು. ಉರಿ ಹತ್ತುವಾಗ ಅದನ್ನು ಪೂರ್ತಿ ತೆರೆದಿಟ್ಟು, ಹತ್ತಿದ ಮೇಲೆ ಸ್ವಲ್ಪ ಮುಚ್ಚಬೇಕು. ಕೆಂಡವಿರುವಾಗ ಪೂರ್ತಿ ಮುಚ್ಚಲೇಬಾರದು. ವಾಸನೆಯಿಲ್ಲದ ವಿಷಗಾಳಿ ಕೋಣೆಯಲ್ಲಿ ತುಂಬಬಹುದು.

ಹೊಗೆಗೂಡಿಲ್ಲದೆ ಕಟ್ಟಿದ ಮನೆಯಲ್ಲಿ ಇದು ಸಾಧ್ಯವೇ ಎಂದು ವಾಚಕರು ಕೇಳಬಹುದು. ಧಾರಾಳವಾಗಿ ಸಾಧ್ಯ. 3-4 ಅಂಗುಲ ಅಗಲದ ಸುಟ್ಟ ಮಣ್ಣಿನ ಅಥವಾ ಸಿಮೆಂಟಿನ ಕೊಳವೆಯನ್ನು ಗೋಡೆಯ ಮೂಲಕವೋ ಮಾಳಿಗೆಯ ಮೂಲಕವೋ ಹೊರಕ್ಕೆ ತೆಗೆದು, ಛಾವಣಿಗಿಂತ ಎರಡು ಅಡಿಯಾದರೂ ಎತ್ತರಿಸಬೇಕು. ಹುಲ್ಲಿನ ಸೂರಾದರೆ ಕೊಳವೆ ಹುಲ್ಲನ್ನು ಮುಟ್ಟದಂತೆ ಸುತ್ತ ಜಾಗ ಬಿಟ್ಟು ತಗಡು ಹೊಂದಿಸಬೇಕು. ಪಾತ್ರೆಯ ತಳ ಒಲೆಯ ಕುಣಿಗೆ ಬಿಗಿಯಾಗಿ ಕೂಡಬೇಕು. ಅಡಿಗೆಯಿಲ್ಲದ ಕುಣಿಯ ಮೇಲೆ ನೀರಿನ ಪಾತ್ರೆಯಿಟ್ಟರೆ ಹೊಗೆಯೂ ನಿಂತೀತು, ಬಿಸಿನೀರೂ ದೊರೆತೀತು.

ಇದೇ ತತ್ತ್ವವನ್ನು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಬೆಳೆಸಿದರು. ಕಂಬಿಯ ಜಾಲರಿಯ ಮೇಲೆ ಕಟ್ಟಿಗೆ ಉರಿಯುವ ಅವರ ಮೂರು ಪಾತ್ರೆಯ ಅಸ್ತ್ರ ಒಲೆ 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಿಗೆ ಹೋಯಿತು. ಕೇಂದ್ರ ಸರಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಯೋಜನೆಯನ್ನು ಆ ದಶಕದ ಆರಂಭದಲ್ಲಿ ಹೂಡಿ, 2002ರವರೆಗೆ ನಡೆಸಿ, ಕೋಟಿಗಟ್ಟಲೆ ಒಲೆಗಳನ್ನು ಹಂಚಿತು. ಆದರೂ ಅವುಗಳಲ್ಲಿ ಬಹಳಷ್ಟು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಕೊಳವೆಯಲ್ಲಿ ಮಸಿ ಕಟ್ಟಿತು, ತೆಗೆಯುವವರಿಲ್ಲ. ಬಿರುಕು ಬಿಟ್ಟಿತು, ಮೆತ್ತುವವರಿಲ್ಲ. ದಪ್ಪ ಕಟ್ಟಿಗೆ ಹಿಡಿಸಲೆಂದು ಬಾಯನ್ನು ಒಡೆದು ಹಿಗ್ಗಿಸಿದರು. ಒಲೆಯ ಲೆಕ್ಕವೇ ತಪ್ಪಿತು. ಒಲೆಯನ್ನು ಕೊಟ್ಟವರು ಅದರ ತತ್ತ್ವವನ್ನು ಅಡಿಗೆ ಮಾಡುವ ಹೆಣ್ಣುಮಕ್ಕಳಿಗೆ ತಿಳಿಸಿಕೊಡದಿದ್ದುದೇ ದೊಡ್ಡ ಕೊರತೆ.

ಈಗ ಗ್ಯಾಸು ಬಂದಿದೆಯಲ್ಲ ಎನ್ನಬಹುದು. 2016ರ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಸಿಲಿಂಡರು ಬಂದದ್ದು ನಿಜ; ಗ್ಯಾಸು ಒಲೆಗಿಂತ ಮೇಲೆಂಬುದೂ ನಿಜ. ಆದರೆ ಸಿಲಿಂಡರು ಮುಗಿದಾಗ, ರೊಟ್ಟಿ ಬಡಿಯುವಾಗ, ಹಂಡೆಯ ನೀರು ಕಾಯಿಸುವಾಗ ಕಟ್ಟಿಗೆ ಉರಿಯುವ ಮನೆಗಳು ಇನ್ನೂ ಬೇಕಾದಷ್ಟಿವೆ. ಅಂಥ ಮನೆ ನಮ್ಮ ಊರಿನಲ್ಲಿದ್ದರೆ, ಮುಂದಿನ ಬಾರಿ ಹೋದಾಗ ಒಲೆಯ ಬಳಿ ಕುಳಿತು ನೋಡೋಣ. ಕೊಳವೆಯಿದ್ದರೆ ಹದಿನೈದು ದಿನಕ್ಕೊಮ್ಮೆ ಮಸಿ ತೆಗೆಯಲು ಹೇಳೋಣ. ಇಲ್ಲದಿದ್ದರೆ ಒಂದನ್ನು ಕೂಡಿಸಿಕೊಡೋಣ. ತಗಲುವ ಖರ್ಚು ಅಲ್ಪ. ಉಳಿಯುವುದು ಮನೆಯವರ ಕಣ್ಣು ಮತ್ತು ಉಸಿರು.