ಒಂದು ಹಿಡಿ ರಾಗಿಯಲ್ಲಿ ಒಂದೇ ಕಾಳು

ಸಾವಿರ ಕಾಳು ರಾಗಿ ತೂಗಿದರೆ ಹೆಚ್ಚುಕಡಿಮೆ ಎರಡೂವರೆ ಗ್ರಾಂ. ಹಾಗಾದರೆ ಒಂದು ಲಕ್ಷ ಕೋಟಿ ಕಾಳು ಎಷ್ಟಾದೀತು? 2,500 ಟನ್. ಹತ್ತು ಟನ್ ಹೊರುವ ಲಾರಿಗಳಲ್ಲಿ ತುಂಬಿದರೆ 250 ಲಾರಿ ಬೇಕು. ಸರ್ಕಾರದ ಬಜೆಟ್ ಸುದ್ದಿಯಲ್ಲಷ್ಟೇ ನಾವು ಕೇಳುವ ಈ ಲಕ್ಷ ಕೋಟಿ, ರಕ್ತದ ಕ್ಯಾನ್ಸರ್ ಪತ್ತೆಯಾದ ದಿನ ಒಂದು ಪುಟ್ಟ ಮಗುವಿನ ಮೈಯಲ್ಲಿ ಸೇರಿಕೊಂಡಿರುವ ರೋಗಕಣಗಳ ಅಂದಾಜು. ಅಷ್ಟನ್ನೂ ಒಟ್ಟು ಮಾಡಿದರೆ ಒಂದು ಕೆಜಿಯ ಆಸುಪಾಸು ತೂಗೀತು. ಎಲ್ಲವೂ ಹುಟ್ಟಿದ್ದು ದಾರಿ ತಪ್ಪಿದ ಒಂದೇ ಒಂದು ಕಣದಿಂದ. ಒಂದು ಎರಡಾಗಿ, ಎರಡು ನಾಲ್ಕಾಗಿ, ಬರೀ ನಲವತ್ತು ಸಲ ದುಪ್ಪಟ್ಟಾದರೆ ಲೆಕ್ಕ ಲಕ್ಷ ಕೋಟಿ ದಾಟುತ್ತದೆ. ಕ್ಯಾಲ್ಕುಲೇಟರ್ ಒತ್ತಿ ನೋಡಿ.

ಕೋಲ್ಕತ್ತದ ನ್ಯೂ ಟೌನಿನಲ್ಲಿ 2011ರಲ್ಲಿ ಬಾಗಿಲು ತೆರೆದ ಟಾಟಾ ಮೆಡಿಕಲ್ ಸೆಂಟರಿಗೆ ಬಂಗಾಳದಿಂದ, ಈಶಾನ್ಯ ರಾಜ್ಯಗಳಿಂದ, ಗಡಿಯಾಚೆಯ ಬಾಂಗ್ಲಾದೇಶದಿಂದಲೂ ಇಂಥ ಮಕ್ಕಳು ಬರುತ್ತಾರೆ. ಹೆಚ್ಚಿನವರಿಗೆ ಇರುವುದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೀಮಿಯಾ. ವೈದ್ಯರ ಬಾಯಲ್ಲಿ ಎಎಲ್ಎಲ್. ಅಲ್ಲಿ ತಂದೆತಾಯಿ ಕೇಳುವ ಪ್ರಶ್ನೆ ಎಲ್ಲ ಭಾಷೆಯಲ್ಲೂ ಒಂದೇ: ನಮ್ಮ ಮಗು ಉಳಿಯುತ್ತದೆಯೇ? ಅದಕ್ಕೆ ಉತ್ತರವನ್ನು ವೈದ್ಯರು ರಕ್ತದಲ್ಲಿ, ಅಸ್ಥಿಮಜ್ಜೆಯಲ್ಲಿ ಕಣ ಎಣಿಸಿ ತೆಗೆಯುತ್ತಾರೆ.

ಮೊದಲ ಎಣಿಕೆ ರೋಗ ಪತ್ತೆಯಾದ ದಿನದ್ದು. ಒಂದು ಮೈಕ್ರೋಲೀಟರ್ ರಕ್ತವೆಂದರೆ ಉದ್ದ, ಅಗಲ, ಎತ್ತರ ಒಂದೊಂದು ಮಿಲಿಮೀಟರ್ ಇರುವ ಡಬ್ಬಿಯಲ್ಲಿ ಹಿಡಿಯುವಷ್ಟು. ಆರೋಗ್ಯವಂತರಲ್ಲಿ ಅಷ್ಟರಲ್ಲೇ 40-50 ಲಕ್ಷ ಕೆಂಪು ಕಣ, ಒಂದೂವರೆ ಲಕ್ಷಕ್ಕೂ ಹೆಚ್ಚು ಪ್ಲೇಟ್‌ಲೆಟ್ ಇರುತ್ತವೆ. ಬಿಳಿ ಕಣ ಮಾತ್ರ ನಾಲ್ಕರಿಂದ ಹನ್ನೊಂದು ಸಾವಿರ. ಈ ರೋಗ ಬಂದ ಕೆಲವು ಮಕ್ಕಳಲ್ಲಿ ಬಿಳಿ ಕಣ ಲಕ್ಷ ದಾಟುತ್ತದೆ. ಐವತ್ತು ಸಾವಿರ ಮುಟ್ಟಿತೆಂದರೆ ವೈದ್ಯರು ಹೆಚ್ಚಿನ ಅಪಾಯವೆಂದು ಗುರುತು ಹಾಕುತ್ತಾರೆ.

ಎರಡನೆಯದು ಎಂಟನೇ ದಿನದ್ದು. ಒಂದು ವಾರ ಸ್ಟಿರಾಯ್ಡ್ ಮಾತ್ರೆ ಕೊಟ್ಟು, ಅದೇ ಒಂದು ಮೈಕ್ರೋಲೀಟರಿನಲ್ಲಿ ರೋಗಕಣ ಎಷ್ಟು ಉಳಿದಿವೆ ಎಂದು ನೋಡುತ್ತಾರೆ. ಸಾವಿರದ ಕೆಳಗೆ ಇಳಿದಿದ್ದರೆ ಒಳ್ಳೆಯ ಸೂಚನೆ. ಜರ್ಮನಿಯ ವೈದ್ಯರು 1980ರ ದಶಕದಲ್ಲಿ ಬಳಕೆಗೆ ತಂದ ಸರಳ ಅಳತೆ ಇದು. ಗಾಜಿನ ಪಟ್ಟಿ, ಬಣ್ಣ, ಸೂಕ್ಷ್ಮದರ್ಶಕ ಇದ್ದರೆ ಸಾಕು. ಸುಮಾರು ಹತ್ತರಲ್ಲಿ ಒಂಬತ್ತು ಮಕ್ಕಳು ಇದನ್ನು ದಾಟುತ್ತಾರೆ.

ನಿಜವಾದ ಬೆರಗು ಇರುವುದು ಐದನೇ ವಾರದ ಸುಮಾರಿಗೆ. ಅಷ್ಟರಲ್ಲಿ ಮಗು ಆಡಲು ಶುರುಮಾಡಿರುತ್ತದೆ, ಜ್ವರ ಬಿಟ್ಟಿರುತ್ತದೆ. ಸೊಂಟದ ಮೂಳೆಯಿಂದ ಅಸ್ಥಿಮಜ್ಜೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗಕಣ ನೂರಕ್ಕೆ ಐದಕ್ಕಿಂತ ಕಡಿಮೆ. ಇದಕ್ಕೆ ರೆಮಿಷನ್ ಎನ್ನುತ್ತಾರೆ. ಆದರೆ ನೂರಕ್ಕೆ ಒಂದೇ ಉಳಿದಿದೆ ಎಂದುಕೊಂಡರೂ ಲಕ್ಷ ಕೋಟಿಯಲ್ಲಿ ಅದು ಸಾವಿರ ಕೋಟಿ! ಭೂಮಿಯ ಮೇಲಿನ ಒಟ್ಟು ಜನಸಂಖ್ಯೆಗಿಂತ ಹೆಚ್ಚು. ನಮ್ಮ ರಾಗಿ ಲೆಕ್ಕದಲ್ಲಿ ಇನ್ನೂ ಎರಡೂವರೆ ಲಾರಿ.

ಸೂಕ್ಷ್ಮದರ್ಶಕದ ಕೆಳಗೆ ನುರಿತ ಕಣ್ಣು ಎಣಿಸುವುದು ಇನ್ನೂರರಿಂದ ಐನೂರು ಕಣ. ಅಂದರೆ ಒಂದು ಚಿಟಿಕೆ ರಾಗಿ. ಸಾಲದ್ದಕ್ಕೆ, ಔಷಧದ ಹೊಡೆತದಿಂದ ಚೇತರಿಸಿಕೊಳ್ಳುವ ಮಜ್ಜೆಯಲ್ಲಿ ಹೊಸದಾಗಿ ಹುಟ್ಟುವ ಎಳೆಯ ಕಣಗಳು ನೋಡಲು ರೋಗಕಣದಂತೆಯೇ ಇರುತ್ತವೆ. ಚಿಟಿಕೆ ನೋಡಿ ಲಾರಿಯ ಮಾತು ಆಡುವುದು ಹೇಗೆ?

ಇಲ್ಲಿ ಫ್ಲೋ ಸೈಟೋಮೀಟರ್ ಎಂಬ ಯಂತ್ರ ಬರುತ್ತದೆ. ಕಣದ ಮೈಮೇಲೆ ಸಿಡಿ10, ಸಿಡಿ19, ಸಿಡಿ34 ಎಂಬಂಥ ಗುರುತುಗಳಿರುತ್ತವೆ. ಒಂದೊಂದು ಗುರುತಿಗೂ ಒಂದೊಂದು ಬಣ್ಣದಲ್ಲಿ ಹೊಳೆಯುವ ಪ್ರತಿಕಾಯ ಅಂಟಿಸಿ, ಕಣಗಳನ್ನು ಸಾಲಾಗಿ ಒಂದರ ಹಿಂದೊಂದು ಲೇಸರ್ ಬೆಳಕಿನ ಮುಂದೆ ಓಡಿಸುತ್ತಾರೆ. ಸೆಕೆಂಡಿಗೆ ಸಾವಿರಾರು ಕಣ. ಪ್ರತಿ ಕಣವೂ ಪರದೆಯ ಮೇಲೆ ಒಂದು ಚುಕ್ಕೆ. ಒಳ್ಳೆಯ ಕಣಗಳು ತಮ್ಮ ತಮ್ಮ ಜಾಗದಲ್ಲಿ ಗುಂಪುಗೂಡಿ ಮೋಡದಂತೆ ಕಾಣುತ್ತವೆ. ದೂರದಲ್ಲಿ, ಇರಬಾರದ ಕಡೆ ಪುಟ್ಟದೊಂದು ಚುಕ್ಕೆಗಳ ಗುಂಪು ಕಂಡರೆ ಅದೇ ಉಳಿದ ರೋಗ, ಎಂಆರ್‌ಡಿ. ಐದು ಲಕ್ಷ ಕಣ ಓಡಿಸಿ ಐವತ್ತನ್ನು ಹಿಡಿಯುತ್ತಾರೆ. ಹತ್ತು ಸಾವಿರಕ್ಕೆ ಒಂದು. ಮಗುವಿನ ಹಿಡಿಯಲ್ಲಿ ಹಿಡಿಸುವಷ್ಟು ರಾಗಿಯಲ್ಲಿ ಒಂದೇ ಕಾಳು.

ಒಂದು ಗುಂಪಿನಿಂದ ಮತ್ತೊಂದು ಎಷ್ಟು ದೂರ ಎಂಬ ಪ್ರಶ್ನೆ ಕೋಲ್ಕತ್ತಕ್ಕೆ ಹೊಸದಲ್ಲ. 1931ರಲ್ಲಿ ಅಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ ಮಹಲನೋಬಿಸ್, ಹಲವು ಅಳತೆಗಳನ್ನು ಒಟ್ಟಿಗೆ ಹಿಡಿದು ಈ ದೂರವನ್ನು ಲೆಕ್ಕ ಹಾಕುವ ಸೂತ್ರವನ್ನು 1936ರಲ್ಲಿ ಕೊಟ್ಟರು. ಅವರ ಸಂಸ್ಥೆಯಲ್ಲಿ ಬೆಳೆದ ಸಿ. ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಹಲವು ಅಳತೆಗಳಿಂದ ಜೀವಿಗಳನ್ನು ವಿಂಗಡಿಸುವ ಬಗೆ ಕುರಿತ ಅವರ ಹೆಸರಾಂತ ಪ್ರಬಂಧ ಪ್ರಕಟವಾದದ್ದು 1948ರಲ್ಲಿ. ಅದೇ ವರ್ಷ ಬಾಸ್ಟನ್ನಿನಲ್ಲಿ ವೈದ್ಯ ಸಿಡ್ನಿ ಫಾರ್ಬರ್, ಭೀಮವರಂನ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ತಯಾರಿಸಿದ ಅಮಿನೋಪ್ಟೆರಿನ್ ಎಂಬ ಔಷಧ ಕೊಟ್ಟು ಲುಕೀಮಿಯಾ ಇದ್ದ 16 ಮಕ್ಕಳಲ್ಲಿ ಹತ್ತು ಮಂದಿ ಸ್ವಲ್ಪ ಕಾಲ ಚೇತರಿಸಿಕೊಂಡರೆಂದು ವರದಿ ಮಾಡಿದರು. ಆಗ ಒಬ್ಬರೂ ಉಳಿಯದ ಕಾಯಿಲೆ ಅದು. ಇಂದು ಮುಂದುವರಿದ ದೇಶಗಳಲ್ಲಿ ನೂರಕ್ಕೆ ಸುಮಾರು 90 ಮಕ್ಕಳು ಗುಣವಾಗುತ್ತಾರೆ.

ಕೋಲ್ಕತ್ತದ ಡಾ. ವಾಸ್ಕರ್ ಸಾಹಾ ಮತ್ತು ಸಂಗಡಿಗರು ಮುಂಬೈ, ದೆಹಲಿ, ಚಂಡೀಗಢ, ಚೆನ್ನೈಗಳ ಆಸ್ಪತ್ರೆಗಳ ಜೊತೆ ಸೇರಿ ‘ಐಸಿಕಲ್’ ಎಂಬ ಅಧ್ಯಯನ ಕಟ್ಟಿದರು; ಅದು 2015ರಲ್ಲಿ ನೋಂದಣಿಯಾಯಿತು. ಎಂಟನೇ ದಿನದ ರಕ್ತ, ಐದನೇ ವಾರದ ಎಂಆರ್‌ಡಿ, ವರ್ಣತಂತುಗಳ ದೋಷ ಎಲ್ಲವನ್ನೂ ಸೇರಿಸಿ ಮಗುವಿನ ಅಪಾಯ ಅಳೆಯುವ ಒಂದೇ ಕ್ರಮ ಇಷ್ಟು ಊರುಗಳಿಗೂ. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಒಂದು ಮಾತು: ಈ ಎಣಿಕೆ ಯಾರಿಗೆ ಔಷಧ ಹೆಚ್ಚಿಸಬೇಕು ಎಂದು ಹೇಳುವಷ್ಟೇ ಖಚಿತವಾಗಿ ಯಾರಿಗೆ ತಗ್ಗಿಸಬಹುದು ಎಂದೂ ಹೇಳುತ್ತದೆ. ಎಂಆರ್‌ಡಿ ಕಡಿಮೆ ಇದ್ದ ಮಕ್ಕಳಿಗೆ ಚಿಕಿತ್ಸೆಯ ಒಂದು ಸುತ್ತು ಕಡಿಮೆ ಮಾಡಿದರೂ ಕೆಡುಕಾಗಲಿಲ್ಲವೆಂದು ಬ್ರಿಟನ್ನಿನ ಅಧ್ಯಯನ 2013ರಲ್ಲಿ ತೋರಿಸಿತ್ತು. ನಮ್ಮಲ್ಲಿ ಚಿಕಿತ್ಸೆಯ ನಡುವೆ ಸೋಂಕು ತಗುಲಿ ತೀರಿಹೋಗುವ ಮಕ್ಕಳಿದ್ದಾರೆ. ಅವರ ಪಾಲಿಗೆ ಒಂದು ಸುತ್ತು ಕಡಿಮೆ ಎಂದರೆ ಒಂದು ಗಂಡಾಂತರ ಕಡಿಮೆ.

ಇನ್ನೊಂದು ಲೆಕ್ಕ ಉಳಿದಿದೆ. ಹತ್ತು ಸಾವಿರಕ್ಕೆ ಒಂದು ಎಂಬ ಗೆರೆಯ ಮೇಲೆ ನಿಂತ ಮಗುವಿನಲ್ಲೂ ಹತ್ತು ಕೋಟಿ ರೋಗಕಣ ಇರಬಲ್ಲವು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನ ಆರು ಕೋಟಿ ಚಿಲ್ಲರೆ. ರಾಗಿಯಲ್ಲಿ ಹೇಳುವುದಾದರೆ ಹತ್ತು ಕೋಟಿ ಕಾಳೆಂದರೆ ಐವತ್ತು ಕೆಜಿಯ ಐದು ಮೂಟೆ. ಆ ಹತ್ತು ಕೋಟಿ ಹದಿನಾಲ್ಕು ಸಲ ದುಪ್ಪಟ್ಟಾದರೆ ಮತ್ತೆ ಲಕ್ಷ ಕೋಟಿ. ಅದಕ್ಕೇ ಚಿಕಿತ್ಸೆ ಎರಡು ವರ್ಷ ದಾಟುತ್ತದೆ. ಕೊನೆಯ ಬಹುಪಾಲು ಮನೆಯಲ್ಲೇ ನುಂಗುವ ಮಾತ್ರೆ.

ನಿಮ್ಮ ಊರಲ್ಲಿ, ನಂಟರಲ್ಲಿ ಇಂಥ ಮಗು ಇದ್ದರೆ, ಕೂದಲು ಮತ್ತೆ ಬಂದು ಅದು ಶಾಲೆಗೆ ಓಡುವುದನ್ನು ಕಂಡು ‘ಚೆನ್ನಾಗೇ ಇದೆಯಲ್ಲ, ಇನ್ನೂ ಯಾಕೆ ಮಾತ್ರೆ’ ಎಂದು ದಯವಿಟ್ಟು ಹೇಳಬೇಡಿ. ಆ ಐದು ಮೂಟೆಯನ್ನು ನೆನಪಿಸಿ. ಮುಂದಿನ ರಕ್ತಪರೀಕ್ಷೆ ಯಾವತ್ತು ಎಂದು ಕೇಳಿ, ಆ ದಿನ ಬಸ್ಸಿಗೆ ದುಡ್ಡಿದೆಯೇ ಎಂದೂ ವಿಚಾರಿಸಿ.