ಹೆಸರೂ ಆಜ್ಞೆಯೂ ಒಂದೇ ಆದಾಗ

“ಮಗನ ಓದು ಮುಗಿಯಿತು” ಎಂಬ ವಾಕ್ಯದಲ್ಲಿ ‘ಓದು’ ಎಂಬುದು ನಾಮಪದ. “ಈ ಪುಸ್ತಕವನ್ನು ಓದು” ಎಂಬಲ್ಲಿ ಅದೇ ಶಬ್ದ ಕ್ರಿಯಾಪದ. ಇವೆರಡನ್ನು ಕೇಳಿ ಯಾರೂ ತಬ್ಬಿಬ್ಬಾಗುವುದಿಲ್ಲ. ಸಂದರ್ಭವೇ ಅರ್ಥವನ್ನು ನಿರ್ಣಯಿಸಿಕೊಡುತ್ತದೆ. ಆದರೆ ಸಂದರ್ಭವನ್ನು ನಮ್ಮಂತೆ ಊಹಿಸಲಾರದ ಗಣಕಯಂತ್ರದ ಮುಂದೆ ಇಂತಹ ಶಬ್ದ ಬಂದರೆ ಏನಾದೀತು?

ಅಂತರ್ಜಾಲದಲ್ಲಿ ನಾವು ರೈಲಿನ ಟಿಕೆಟನ್ನು ಕೊಳ್ಳುವಾಗಲೂ ಪರೀಕ್ಷೆಯ ಫಲಿತಾಂಶವನ್ನು ನೋಡುವಾಗಲೂ ತೆರೆಯ ಮರೆಯಲ್ಲಿ ಒಂದು ಡೇಟಾಬೇಸ್, ಎಂದರೆ ದತ್ತಸಂಚಯ, ಕೆಲಸ ಮಾಡುತ್ತಿರುತ್ತದೆ. ಸಾಮಾನ್ಯವಾಗಿ ಇದರಲ್ಲಿ ಮಾಹಿತಿಯನ್ನು ಅಡ್ಡಸಾಲು ಕಂಬಸಾಲುಗಳುಳ್ಳ ಕೋಷ್ಟಕಗಳಲ್ಲಿ ಇರಿಸಿರುತ್ತಾರೆ. ಈ ಕೋಷ್ಟಕಗಳೊಡನೆ ವ್ಯವಹರಿಸಲು ಎಸ್‌ಕ್ಯೂಎಲ್ ಎಂಬ ಭಾಷೆಯುಂಟು. ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಅವರು 1970ರಲ್ಲಿ ಮಂಡಿಸಿದ ಸಿದ್ಧಾಂತವನ್ನು ಆಧರಿಸಿ, ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅವರು 1974ರಲ್ಲಿ ಇದರ ಮೊದಲ ರೂಪವನ್ನು ಪ್ರಕಟಿಸಿದರು. ಸಾಮಾನ್ಯ ಇಂಗ್ಲಿಷನ್ನು ಹೋಲುವ ಈ ಭಾಷೆಯಲ್ಲಿ ಸೆಲೆಕ್ಟ್, ಆರ್ಡರ್, ಗ್ರೂಪ್, ಟೇಬಲ್ ಮುಂತಾದ ದಿನಬಳಕೆಯ ಶಬ್ದಗಳೇ ಆಜ್ಞೆಯ ಅಂಗಗಳಾದುವು. ತೊಡಕಿನ ಬೀಜವೂ ಇಲ್ಲಿಯೇ ಇದೆ.

ಯಂತ್ರವು ಆಜ್ಞೆಯನ್ನು ಮೊದಲು ಬಿಡಿ ಶಬ್ದಗಳಾಗಿ ಒಡೆದು, ಪ್ರತಿಯೊಂದನ್ನೂ ತನ್ನಲ್ಲಿರುವ ಪಟ್ಟಿಯೊಡನೆ ಹೋಲಿಸುತ್ತದೆ. ಆ ಪಟ್ಟಿಯಲ್ಲಿ ‘ಕಾದಿರಿಸಿದ ಶಬ್ದ’ ಎಂದು ಗುರುತಾಗಿರುವುದನ್ನು ವ್ಯಾಕರಣದ ಅಂಗವೆಂದೇ ಭಾವಿಸುತ್ತದೆ. ಕೋಷ್ಟಕದ ಅಥವಾ ಕಂಬಸಾಲಿನ ಹೆಸರೆಂದು ಒಪ್ಪುವುದಿಲ್ಲ. ಈ ಪಟ್ಟಿ ಎಲ್ಲ ದತ್ತಸಂಚಯಗಳಲ್ಲಿಯೂ ಒಂದೇ ಆಗಿಲ್ಲ. ಒಂದೇ ದತ್ತಸಂಚಯದಲ್ಲಿಯೂ ಹೊಸ ಆವೃತ್ತಿಗಳೊಡನೆ ಅದು ಬೆಳೆಯುತ್ತದೆ. ಆದುದರಿಂದ ವರ್ಷಗಟ್ಟಲೆ ನಿರಾತಂಕವಾಗಿ ನಡೆದ ಕೋಷ್ಟಕವು ಹೊಸ ಮನೆಗೆ ಹೋದ ದಿನವೇ ಮುಗ್ಗರಿಸಬಹುದು.

ಉದಾಹರಣೆಗೆ, 2018ರಲ್ಲಿ ಬಿಡುಗಡೆಯಾದ ಮೈಎಸ್‌ಕ್ಯೂಎಲ್ 8.0ರಲ್ಲಿ ಸಾಲುಗಳಿಗೆ ಸ್ಥಾನಕ್ರಮವನ್ನು ಎಣಿಸಿಕೊಡುವ ಹೊಸ ಸೌಲಭ್ಯ ಬಂದಿತು. ಅದಕ್ಕಾಗಿ ‘ರ‍್ಯಾಂಕ್’ ಎಂಬ ಶಬ್ದವನ್ನು ಕಾದಿರಿಸಲಾಯಿತು. ಒಂದು ವಿದ್ಯಾಲಯದ ಫಲಿತಾಂಶದ ಕೋಷ್ಟಕದಲ್ಲಿ ‘ರ‍್ಯಾಂಕ್’ ಎಂಬ ಕಂಬಸಾಲು ಇದ್ದಿತೆಂದು ಭಾವಿಸೋಣ. ಹಳೆಯ ಆವೃತ್ತಿಯಲ್ಲಿ ಸರಿಯಾಗಿದ್ದ ಆಜ್ಞೆಯನ್ನು ಹೊಸದು ವ್ಯಾಕರಣದೋಷವೆಂದು ತಿರಸ್ಕರಿಸುತ್ತದೆ. ಇದು ಕಿರಿಕಿರಿಯ ಸಂಗತಿಯೇ ಸರಿ. ಆದರೂ ಯಂತ್ರವು ತಪ್ಪನ್ನು ಕೂಗಿ ಹೇಳಿದುದರಿಂದ ಅಪಾಯ ಕಡಿಮೆ.

ಇಂತಹ ಹೆಸರನ್ನು ಚಿಹ್ನೆಗಳ ನಡುವೆ ಬರೆದರೆ ಯಂತ್ರವು ಅದನ್ನು ಹೆಸರೆಂದೇ ಗ್ರಹಿಸುತ್ತದೆ. ಎಸ್‌ಕ್ಯೂಎಲ್‌ನ ಪ್ರಮಾಣದಂತೆ ಇದಕ್ಕೆ ಜೋಡಿ ಉದ್ಧರಣ ಚಿಹ್ನೆಯನ್ನು ಬಳಸಬೇಕು. ಪೋಸ್ಟ್‌ಗ್ರೆಸ್ ಇದನ್ನೇ ಅನುಸರಿಸುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಾದರೋ ಬ್ಯಾಕ್‌ಟಿಕ್ ಎಂಬ ಬೇರೊಂದು ಚಿಹ್ನೆ ರೂಢಿಯಲ್ಲಿದೆ. ಅಲ್ಲಿ ಸಾಮಾನ್ಯ ಸ್ಥಿತಿಯಲ್ಲಿ ಜೋಡಿ ಉದ್ಧರಣದೊಳಗಿರುವುದು ಹೆಸರಲ್ಲ, ಬರಿಯ ಅಕ್ಷರಮಾಲೆ. ಈ ಭೇದವನ್ನರಿಯದೆ ‘ರ‍್ಯಾಂಕ್’ ಶಬ್ದಕ್ಕೆ ಜೋಡಿ ಉದ್ಧರಣವನ್ನು ಹಾಕಿ, ಅದರ ಕ್ರಮದಲ್ಲಿ ಫಲಿತಾಂಶವನ್ನು ಜೋಡಿಸೆಂದು ಆಜ್ಞಾಪಿಸಿದರೆ, ಯಂತ್ರವು ದೋಷವನ್ನು ಹೇಳುವುದೂ ಇಲ್ಲ, ಸ್ಥಾನಕ್ರಮದಲ್ಲಿ ಜೋಡಿಸುವುದೂ ಇಲ್ಲ. ಮೊದಲ ಸ್ಥಾನದ ವಿದ್ಯಾರ್ಥಿಯ ಹೆಸರು ಪಟ್ಟಿಯ ನಡುವೆಲ್ಲಿಯೋ ಕಾಣಬಹುದು!

ಇನ್ನೊಂದು ನಿದರ್ಶನವನ್ನು ನೋಡೋಣ. ಮೈಎಸ್‌ಕ್ಯೂಎಲ್‌ನಲ್ಲಿ ‘ಯೂಸರ್’ ಎಂದು ಕೋಷ್ಟಕಕ್ಕೆ ಹೆಸರಿಡಲು ಅಡ್ಡಿಯಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಅದು ಕಾದಿರಿಸಿದ ಶಬ್ದ. ಮೊದಲಿನದರಿಂದ ಎರಡನೆಯದಕ್ಕೆ ಮಾಹಿತಿಯನ್ನು ಸಾಗಿಸಿದ ಮೇಲೆ, ಹೆಸರಿಗೆ ಚಿಹ್ನೆ ಹಾಕದೆ ‘ಯೂಸರ್’ನಲ್ಲಿರುವುದೆಲ್ಲವನ್ನೂ ತೋರಿಸೆಂದು ಕೇಳಿದರೆ, ಕೋಷ್ಟಕದ ಸಾಲುಗಳು ಬಾರವು. ಆ ಕ್ಷಣದಲ್ಲಿ ದತ್ತಸಂಚಯವನ್ನು ಯಾವ ಹೆಸರಿನಿಂದ ಪ್ರವೇಶಿಸಿದ್ದೇವೆಯೋ ಆ ಹೆಸರೊಂದೇ ಉತ್ತರವಾಗಿ ಬರುತ್ತದೆ. ಸಾವಿರ ಸದಸ್ಯರಿದ್ದರೂ ಕಾಣುವುದು ಒಂದೇ ಸಾಲು! ಇಲ್ಲಿಯೂ ಎಚ್ಚರಿಕೆಯ ಮಾತಿಲ್ಲ.

ಹಾಗಾದರೆ ಮಾಡತಕ್ಕುದೇನು? ಸ್ಥಳಾಂತರಕ್ಕೆ ಮೊದಲೇ ನಮ್ಮ ಕೋಷ್ಟಕ, ಕಂಬಸಾಲುಗಳ ಹೆಸರುಗಳನ್ನೆಲ್ಲ ಬರೆದು, ಹೊಸ ದತ್ತಸಂಚಯದ ಕಾದಿರಿಸಿದ ಶಬ್ದಗಳೊಡನೆ ಹೋಲಿಸಬೇಕು. ಆ ಪಟ್ಟಿಯನ್ನು ಮೈಎಸ್‌ಕ್ಯೂಎಲ್ 8.0 ಮತ್ತು ಪೋಸ್ಟ್‌ಗ್ರೆಸ್ ಎರಡೂ ತಾವಾಗಿಯೇ ಒದಗಿಸುತ್ತವೆ. ಘರ್ಷಣೆ ಕಂಡಲ್ಲಿ ‘ರ‍್ಯಾಂಕ್’ ಎಂಬುದನ್ನು ‘ಪರೀಕ್ಷಾ_ಸ್ಥಾನ’ ಎಂಬಂತೆ ಬದಲಿಸುವುದು ಲೇಸು. ಚಿಹ್ನೆಯ ಉಪಾಯವನ್ನು ಎಲ್ಲ ಆಜ್ಞೆಗಳಲ್ಲಿಯೂ ತಪ್ಪದೆ ಪಾಲಿಸಬೇಕು. ಹೆಸರು ಬದಲಿಸಿದಾಗಲಾದರೋ ಆ ಹೆಸರನ್ನು ಬಳಸುವ ಆಜ್ಞೆಗಳನ್ನೆಲ್ಲ ಒಮ್ಮೆ ತಿದ್ದಿದರೆ ಸಾಕು. ಬಳಿಕ ಮಾಹಿತಿಯ ಪ್ರತಿಯೊಂದರ ಮೇಲೆ ಪ್ರಯೋಗ ನಡೆಸಿ, ಹಳೆಯ ಉತ್ತರಗಳನ್ನೂ ಹೊಸ ಉತ್ತರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ದೋಷದ ಸಂದೇಶ ಬರಲಿಲ್ಲವೆಂದ ಮಾತ್ರಕ್ಕೆ ಕೆಲಸ ಸರಿಯಾಯಿತೆಂದು ನಂಬಲಾಗದು.

ಯಂತ್ರವು ನಾವು ಹೇಳಿದುದನ್ನು ಮಾಡುತ್ತದೆ, ಮನಸ್ಸಿನಲ್ಲಿದ್ದುದನ್ನಲ್ಲ. ಮೌನವಾಗಿ ಬಂದ ಉತ್ತರವನ್ನೂ ಪರೀಕ್ಷಿಸಿ ನೋಡುವ ಹೊಣೆ ನಮ್ಮದೇ.